ಹಾವಿನ ಅಂಕಲ್ ಕಂಡ ಬಣ್ಣ

ಹಾವಿನ ಅಂಕಲ್ ಹೋದ ಸುದ್ದಿ ಬಂದ ದಿನ ಟೆಕ್ಸಾಸಿನ ನಮ್ಮ ಕ್ಯಾರಲ್ಟನ್ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲೇ ಬಂತು. ಒಬ್ಬರು ‘ಸರ್ಪಪ್ರೇಮಿ’ ಎಂದರು, ಇನ್ನೊಬ್ಬರು ‘ಅಪರೂಪದ ಜೀವ’ ಎಂದರು. ಹೀಗೆ ಬರೆದವರಲ್ಲಿ ಮುಕ್ಕಾಲು ಪಾಲು ಜನ ಅವರ ಮನೆಯ ಹೊಸಿಲು ದಾಟಿದವರಲ್ಲ. ಸತ್ಯನಾರಾಯಣ ಪೂಜೆಗೆ ಕರೆದರೆ ಪ್ರಸಾದವನ್ನು ಬಾಗಿಲಲ್ಲೇ ಈಸಿಕೊಂಡು ಕಾರಿನ ಕಡೆ ಓಡಿದವರು. ಮೊದಮೊದಲು ನಾನೂ ಹಾಗೆಯೇ ಓಡಿದವಳು. ಹಾಗಾಗಿ ಯಾರನ್ನೂ ಆಡಿಕೊಳ್ಳುವ ಹಕ್ಕು ನನಗಿಲ್ಲ, ಆದರೂ ಆಡಿಕೊಳ್ಳುತ್ತಿದ್ದೇನೆ.

ಅವರು ಹುಬ್ಬಳ್ಳಿಯವರು. ಆರಡಿ ಎತ್ತರ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೂದು ಪ್ಯಾಂಟು. ಮದುವೆಗೂ ಅದೇ, ಮಸಣಕ್ಕೂ ಅದೇ. ಕಟ್ಟಡಗಳ ಕಂಬ, ತೊಲೆಗಳ ಲೆಕ್ಕ ಹಾಕುವ ಎಂಜಿನಿಯರ್ ಆಗಿ ನಿವೃತ್ತರಾದವರು. ನಮ್ಮ ಬೀದಿಯಲ್ಲೇ, ನಮ್ಮಿಂದ ನಾಲ್ಕನೇ ಮನೆ. ಮೂರು ಬೆಡ್‌ರೂಮುಗಳಲ್ಲಿ ಒಂದು ಗಂಡಹೆಂಡತಿಗೆ, ಒಂದು ಬಂದುಹೋಗುವ ಮಗಳಿಗೆ, ಒಂದು ಹಾವುಗಳಿಗೆ. ಮೂರರಲ್ಲಿ ಚೊಕ್ಕಟವಾಗಿದ್ದದ್ದು ಹಾವುಗಳದ್ದೇ ಎಂದು ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ಹೇಳುತ್ತಿದ್ದರು. ಅಂಕಲ್ ಎಲ್ಲರಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದರು, ಹಾವುಗಳಿಗೂ ಸಹ. ಏಳಡಿ ಉದ್ದದ ಹೆಣ್ಣು ಹಾವಿನ ಮುಂದೆ ನೀರಿನ ಬಟ್ಟಲು ಹಿಡಿದು ನಿಂತು “ಸ್ವಲ್ಪ ಸರೀರಿ, ನೀರು ಇಡತೀನಿ” ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದು ಸರಿಯುತ್ತಿರಲಿಲ್ಲ. ಅವರು ಕಾಯುತ್ತಿದ್ದರು.

ಅವರು ಸಾಕಿದ್ದು ಬೋವಾ ಎಂಬ ಹಾವುಗಳನ್ನು. ನಮ್ಮ ಹೆಬ್ಬಾವಿನ ದೂರದ ನೆಂಟ. ವಿಷವಿಲ್ಲ, ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಸಾಧಾರಣ ಬೋವಾ ಕಂದು ಬಣ್ಣದ್ದು, ಬಾಲದ ಹತ್ತಿರ ಇಟ್ಟಿಗೆ ಕೆಂಪು. ಆದರೆ ಕೆಲವು ಹುಟ್ಟುವಾಗಲೇ ಕಪ್ಪಿನ ಅಂಶವಿಲ್ಲದೆ ಕಿತ್ತಳೆ ಹಳದಿಯಾಗಿ ಹುಟ್ಟುತ್ತವೆ, ಅವು ಅಲ್ಬಿನೊ. ಕೆಲವು ಕೆಂಪಿಲ್ಲದೆ ಬೂದಿ ಬಣ್ಣಕ್ಕೆ ಹುಟ್ಟುತ್ತವೆ, ಅವು ಅನೆರಿ. ಕಪ್ಪೂ ಇಲ್ಲದೆ ಕೆಂಪೂ ಇಲ್ಲದೆ ಹುಟ್ಟಿದರೆ ಅದು ಸ್ನೋ, ಹೆಚ್ಚುಕಡಿಮೆ ಬಿಳಿಯ ಹಾವು. ಇದೆಲ್ಲ ಅಪ್ಪ ಅಮ್ಮನಿಂದ ಬರುವ ಗುಣ. ಗುಣ ಮೇಲೆ ಕಾಣದೆ ಒಳಗೆ ಅಡಗಿ ಕೂತಿದ್ದರೆ ಅಂಥ ಹಾವಿಗೆ ‘ಹೆಟ್’ ಎನ್ನುತ್ತಾರೆ. ಟೆಕ್ಸಾಸಿನಲ್ಲಿ ಇದಕ್ಕೆ ಎಷ್ಟು ಹುಚ್ಚರಿದ್ದಾರೆಂದರೆ, ಹ್ಯೂಸ್ಟನ್ನಿನಲ್ಲಿ ನಡೆಯುವ ಸರೀಸೃಪಗಳ ಮೇಳದಲ್ಲಿ ನಮ್ಮ ಅಂಕಲ್ ಮೇಜಿನ ಮುಂದೆ ತೋಳ ತುಂಬ ಹಚ್ಚೆ ಹಾಕಿಸಿಕೊಂಡ ಗಡ್ಡದವರು ಪ್ಲಾಸ್ಟಿಕ್ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದರು. ಯಾವ ಬಗೆಯ ಬಣ್ಣ, ಯಾವ ವಂಶದ್ದು ಎಂದು ಗುರುತು ಹಿಡಿದು ಅವರು ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿಕೊಟ್ಟರೆ ಆ ವಲಯದಲ್ಲಿ ಅದಕ್ಕೆ ಎದುರಾಡುವವರಿರಲಿಲ್ಲ.

ಹೆಟ್ ಹೌದೋ ಅಲ್ಲವೋ ಎಂದು ಕೇಳಿದರೆ ಮಾತ್ರ ಸಹಿ ಹಾಕುತ್ತಿರಲಿಲ್ಲ. “ಒಳಗಿಂದು ನೋಡಿ ಹೇಳಲಿಕ್ಕೆ ಬರೂದಿಲ್ರಿ. ಮರಿ ಆಗಲಿ, ಆಮ್ಯಾಲ ಮಾತಾಡೋಣು” ಎನ್ನುತ್ತಿದ್ದರು. ಈ ಶಿಸ್ತನ್ನು ಅವರು ಹಾವಿಗಷ್ಟೇ ಇಟ್ಟುಕೊಂಡಿದ್ದರೆ ನಮಗೂ ನೆಮ್ಮದಿಯಿರುತ್ತಿತ್ತು. ನಮ್ಮವರ ನಾಮಕರಣಗಳಲ್ಲಿ ಮಗುವಿನ ಮೂಗು ಯಾರದ್ದು ಎಂಬ ಚರ್ಚೆ ಊಟಕ್ಕಿಂತ ಮುಖ್ಯ. ಪಕ್ಕದೂರು ಲಿಟಲ್ ಎಲ್ಮ್‌ನ ಒಂದು ಮನೆಯಲ್ಲಿ ಹುಡುಗನ ತಾಯಿ ಮೊಮ್ಮಗುವನ್ನು ಎತ್ತಿ ಹಿಡಿದು “ಥೇಟ್ ನಮ್ಮೋರ ಹಣೆ” ಎಂದರು. ಹುಡುಗಿಯ ತಾಯಿ “ಅಯ್ಯೋ, ಅದು ನಮ್ಮ ಮನೆ ಹಣೆ” ಎಂದರು. ಇಬ್ಬರೂ ಪಂಚಾಯಿತಿಗೆ ಅಂಕಲ್ ಕಡೆ ತಿರುಗಿದರು. ಅವರು ಮಗುವನ್ನು ಎರಡು ನಿಮಿಷ ನೋಡಿ, “ಹಣಿ ಎಲ್ಲಾರಿಗೂ ಇರ್ತದ್ರಿ. ತಂದಿ ತಾಯಿ ಇಬ್ಬರೂ ಸಾಧಾರಣ ಇದ್ದಾರ, ಕೂಸೂ ಸಾಧಾರಣ ಅದ” ಎಂದು ತೀರ್ಪು ಕೊಟ್ಟರು. ಎರಡು ಮನೆಯವರೂ ಆಮೇಲೆ ಅವರನ್ನು ಕರೆಯುವುದನ್ನು ಬಿಟ್ಟರು. ಬೀಗರಿಬ್ಬರು ಒಂದಾದದ್ದು ಅದೊಂದೇ ವಿಷಯಕ್ಕೆ.

ಮೇಳಕ್ಕೆ ಅವರ ಜೊತೆ ತಪ್ಪದೆ ಹೋಗುತ್ತಿದ್ದವರು ಆಂಟಿ. ಸೀರೆಯುಟ್ಟು, ಚಹಾದ ಥರ್ಮಾಸು ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಒಂದೇ ಸಮನೆ ಮಾತಾಡುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಗಡ್ಡದವನೊಬ್ಬ ಡಬ್ಬಿ ತೆರೆದಾಗ ಆಂಟಿ ಚಹಾ ಬಗ್ಗಿಸುತ್ತ “ಗುರೆಳ್ಳ ಚಟ್ನಿ ಉಳದದ ನೋಡ್ರಿ ಮನ್ಯಾಗ” ಎಂದರು. ಅಂಕಲ್ ಹಾವನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕ ಏರಿಸಿ, ಅನೆರಿ ಎಂದು ಬರೆದುಕೊಟ್ಟರು. ಇನ್ನೊಬ್ಬ ಬಂದ. ಆಂಟಿ “ಶಿರಾ ಮಾಡೋಣು ಅಂತೀನಿ, ಕೇಸರಿ ಜಾಸ್ತಿ ಹಾಕಿ” ಎಂದರು. ಅಂಕಲ್ ಅಲ್ಬಿನೊ ಎಂದರು. ಪಾಪ, ಇಷ್ಟು ದೊಡ್ಡ ವಿದ್ವಾಂಸರಿಗೆ ಅಡುಗೆಮನೆ ಬಿಟ್ಟು ಬೇರೆ ಪ್ರಪಂಚವಿಲ್ಲದ ಹೆಂಡತಿ ಗಂಟುಬಿದ್ದಿದ್ದಾಳೆ ಎಂದು ನಾನು ಮರುಗಿದೆ. ನನ್ನ ಬುದ್ಧಿವಂತಿಕೆಗೆ ಇಷ್ಟು ಸಾಕ್ಷಿ ಸಾಕು.

ಆಂಟಿ ತೀರಿಕೊಂಡು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಂಕಲ್ ನಮ್ಮ ಮನೆಯ ಗಂಟೆ ಒತ್ತಿದರು. ಕೈಯಲ್ಲಿ ಡಬ್ಬಿ. ನಾನು ಬಾಗಿಲ ಹಿಂದೆ ಸರಿದೆ.

“ಹೆದರಬ್ಯಾಡ್ರಿ ತಂಗಿ, ಮುಚ್ಚೀನಿ. ಒಂದು ಮಾತು ಹೇಳ್ರಿ ಸಾಕು. ಇದರ ಬಾಲ ಯಾವ ಬಣ್ಣ ಅದ?”

“ಕೆಂಪು ಅಂಕಲ್. ಇಟ್ಟಿಗೆ ಥರ. ಯಾಕೆ, ನಿಮಗೆ ಗೊತ್ತಿಲ್ವಾ?”

“ಇಲ್ರಿ” ಎಂದರು.

ಹಾಗೆ ನಿಂತಲ್ಲೇ, ಚಪ್ಪಲಿಯನ್ನೂ ಬಿಡದೆ, ಐವತ್ತು ವರ್ಷದ ಗುಟ್ಟನ್ನು ಹೇಳಿದರು. ಅವರಿಗೆ ಹುಟ್ಟಿನಿಂದ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಅವರಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್. ಮಗನನ್ನೂ ರೈಲ್ವೆಗೆ ಸೇರಿಸಲು ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ಚುಕ್ಕಿಗಳ ನಡುವಿನ ಅಂಕಿ ಓದಲಾಗದೆ ಸಿಕ್ಕಿಬಿದ್ದರು. ನಾಚಿಕೆಗೆ ಅಪ್ಪ ಓಣಿಯಲ್ಲೆಲ್ಲ “ಹುಡುಗಗ ಎತ್ತರ ಸಾಲಲಿಲ್ಲಂತ” ಎಂದು ಹೇಳಿದರಂತೆ, ಆರಡಿ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಅಂದಿನಿಂದ ಅದು ಮನೆಯ ಗುಟ್ಟು. ಹೆಣ್ಣು ನೋಡುವಾಗ ಜಾತಕದ ಗುಣಗಳನ್ನೆಲ್ಲ ಕೂಡಿಸಿ ನೋಡಿದರು, ಈ ಒಂದು ಗುಣ ಬಿಟ್ಟು. ಮದುವೆಯಾಗಿ ತಿಂಗಳಿಗೆ ಗಂಡ ಮೆಚ್ಚಿ ತಂದ ‘ಹಸಿರು’ ಸೀರೆ ನೋಡಿ ಆಂಟಿಗೆ ಗೊತ್ತಾಯಿತು. ಅವರು ಜಗಳವಾಡಲಿಲ್ಲ, ಸೀರೆಯನ್ನು ಉಟ್ಟರು. ಅಂದಿನಿಂದ ಅವರ ಕಣ್ಣಾದರು.

ಗೆರೆ, ಚುಕ್ಕಿ, ವಂಶಾವಳಿ, ಲೆಕ್ಕ ಎಲ್ಲ ಅಂಕಲ್ ತಲೆಯಲ್ಲಿತ್ತು, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೆಂಪು ಇದೆಯೋ ಇಲ್ಲವೋ ಎಂಬ ಒಂದು ಮಾತಿಗೆ ಮಾತ್ರ ಆಂಟಿ ಬೇಕಿತ್ತು. ಮೇಳದಲ್ಲಿ ನಾನು ಕೇಳಿದ ಚಟ್ನಿ, ಕೇಸರಿಯ ಮಾತೆಲ್ಲ ಅದೇ. ಆ ಒಂದು ಮಾತಿನ ಮೇಲೆಯೇ ಉಳಿದದ್ದೆಲ್ಲ ನಿಂತಿತ್ತು. “ಇನ್ನ ಮ್ಯಾಲ ನೀವು ಹೇಳ್ರಿ” ಎಂದು ಕೇಳಿಕೊಂಡರು. ಊರಿಗೆಲ್ಲ ಡಂಗುರ ಸಾರಲು ನನಗಿಂತ ಯೋಗ್ಯರು ಕ್ಯಾರಲ್ಟನ್ನಿನಲ್ಲಿ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬೇರೆ ದಾರಿಯಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಇದನ್ನು ನನ್ನ ಸಾಧನೆಗಳ ಪಟ್ಟಿಯಲ್ಲಿ ಮೊದಲಿಗೆ ಬರೆಯಬೇಕು.

ಅವರು ಯಾರಿಗಿಂತ ಹೆಚ್ಚಾಗಿ ಮುಚ್ಚಿಟ್ಟದ್ದು ಮಗಳಿಂದ. ಅವಳು ಜಾರ್ಜ್‌ಟೌನ್‌ನಲ್ಲಿದ್ದಾಳೆ, ಆಸ್ಟಿನ್ನಿನಲ್ಲಿ ಕೆಲಸ, ಎಂಟು ವರ್ಷದ ಒಬ್ಬ ಮಗ. ಕಾರಿನಲ್ಲಿ ಒಮ್ಮೆ ಅಂಕಲ್ ತಾವಾಗಿಯೇ ಲೆಕ್ಕ ಹೇಳಿದರು. “ನನ್ನ ಗುಣ ಮಗಳಿಗೆ ಹೋಗೇ ಹೋಗ್ತದ್ರಿ, ಆದರ ಆಕಿಯೊಳಗ ಅಡಗಿರ್ತದ. ಆಕಿ ನೂರಕ್ಕ ನೂರು ಹೆಟ್. ಆಕಿ ಮಗಗ ಅರ್ಧಕ್ಕರ್ಧ.”

“ಹಾಗಾದ್ರೆ ಹೇಳಿಬಿಡಿ ಅಂಕಲ್. ಮಗುಗೆ ಇದ್ರೆ ಗೊತ್ತಾಗೋದು ಒಳ್ಳೇದಲ್ವಾ?”

“ಏನಂತ ಹೇಳ್ಲಿ? ಆಕಿ ಗೆಳತ್ಯಾರಿಗೆಲ್ಲ ನಮ್ಮಪ್ಪನ ಕಣ್ಣು ಅಂದ್ರ ಕಣ್ಣು ಅಂತ ಹೇಳಿಕೋತಾಳ. ಪ್ರತಿ ಸಲ ಹ್ವಾದಾಗ ಹೇಳಬೇಕು ಅಂತನ ಹೋಗತೀನಿ. ಹುಡುಗ ಬಣ್ಣದ ಪೆನ್ಸಿಲ್ ತಗೊಂಡು ಕೂತರ ಎದ್ದು ಹೊರಗ ಬರತೀನಿ. ನೋಡಲಿಕ್ಕೆ ಧೈರ್ಯ ಆಗೂದಿಲ್ಲ.” ಹಾವಿನ ಬಾಯಿಗೆ ಕೈಯಿಡುವ ಮನುಷ್ಯ ಹೇಳಿದ ಮಾತಿದು. ನನಗೆ ನಿಜವಾಗಿ ದುಃಖವಾಯಿತು.

ಕಳೆದ ಬೇಸಿಗೆಯಲ್ಲಿ ಅವರ ದೊಡ್ಡ ಹೆಣ್ಣು ಹಾವು ಮರಿ ಹಾಕಿತು. ಅಪ್ಪ ಅಮ್ಮ ಇಬ್ಬರೂ ನೋಡಲು ಕಂದು ಹಾವುಗಳೇ, ಆದರೆ ಇಬ್ಬರೊಳಗೂ ಎರಡೆರಡು ಗುಣ ಅಡಗಿದ್ದವು. ಇಂಥ ಜೋಡಿಗೆ ಸ್ನೋ ಹುಟ್ಟುವುದು ಹದಿನಾರಕ್ಕೆ ಒಂದು, ಅದೂ ದೇವರು ಲೆಕ್ಕ ಸರಿಯಾಗಿ ಇಟ್ಟಿದ್ದರೆ. ಆ ಜೋಡಿಯನ್ನು ಮರಿಯಿಂದ ಸಾಕಿ, ಕೂಡಿಸಿ, ಎರಡು ಸಲ ನಿರಾಶರಾಗಿ, ಅಂಕಲ್ ಮತ್ತು ಆಂಟಿ ಹದಿನೈದು ವರ್ಷ ಕಾದಿದ್ದರು. ನಾನು ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿದೆ. ಒಂದು ಮರಿ ಬೇರೆಯಾಗಿತ್ತು.

“ಕೆಂಪು ಅದ ಏನ್ರಿ?”

“ಇಲ್ಲ ಅಂಕಲ್. ಒಂಚೂರೂ ಇಲ್ಲ. ಕೆನೆ ಹಾಲಿನ ಥರ ಇದೆ.”

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಆಂಟಿಯ ಥರ್ಮಾಸು ಇನ್ನೂ ಆ ಕೋಣೆಯಲ್ಲೇ ಇತ್ತು. ಅದರ ಕಡೆ ನೋಡಿ “ಇರಬೇಕಾಗಿತ್ತು ಆಕಿ” ಎಂದರು.

ಮರಿ ಮೂರು ವಾರದ್ದಾದಾಗ ಹ್ಯೂಸ್ಟನ್ ಮೇಳ ಬಂತು. ಅದಕ್ಕೆ ಮೊದಲು ಅವರು ಎರಡು ದಿನ ಮಗಳ ಮನೆಗೆ ಹೋದರು. ಎಂದಿನಂತೆ ಹೇಳಬೇಕೆಂದು ಹೋದರು, ಹೇಳದೆ ಬಂದರು. ಹಾವುಗಳಿಗೆ ನೀರಿಡುವ ಕೆಲಸ ನನಗೆ ಬಿತ್ತು. ನಾನು ಆ ಕೋಣೆಯಲ್ಲಿದ್ದಾಗಲೇ ಮೈಸೂರಿನಿಂದ ಅಮ್ಮನ ವಿಡಿಯೊ ಕಾಲ್ ಬಂತು.

“ಏನೇ ಅದು ಬೆಳ್ಳಗೆ?”

“ಹಾವಿನ ಮರಿ ಅಮ್ಮ.”

“ಅಯ್ಯೋ ನಿನ್ನ! ಇವತ್ತು ನಾಗರ ಪಂಚಮಿ ಕಣೇ! ಬಿಳಿ ಹಾವು ಮುಂದೆ ಇಟ್ಕೊಂಡು ಬರೀ ಕೈಯಲ್ಲಿ ನಿಂತಿದೀಯಲ್ಲ!”

“ಅದು ನಾಗರಹಾವಲ್ಲಮ್ಮ. ಬೋವಾ.”

“ಯಾವ್ದಾದ್ರೇನು, ಅದಕ್ಕೇನು ಗೊತ್ತಾಗುತ್ತಾ? ಒಂದು ಚಿಟಿಕೆ ಕುಂಕುಮ ಇಡೇ.”

ಅಮ್ಮನ ಮಾತಿಗೆ ಎದುರಾಡುವ ಶಕ್ತಿ ನನಗೆ ಮೈಸೂರಲ್ಲೂ ಇರಲಿಲ್ಲ, ಟೆಕ್ಸಾಸಿನಲ್ಲೂ ಬಂದಿಲ್ಲ. ಪರ್ಸಿನಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣವಿತ್ತು. ಮುಟ್ಟುವ ಧೈರ್ಯವಿಲ್ಲದೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನೀರಲ್ಲಿ ಅದ್ದಿ, ಕುಂಕುಮ ತಾಕಿಸಿ, ಕಣ್ಣು ಮುಚ್ಚಿ ಅದರ ತಲೆಯ ಮೇಲಿಟ್ಟೆ. ಮರಿ ಸರ್ರನೆ ಹರಿಯಿತು. ತಲೆಯಿಂದ ಅರ್ಧ ಬೆನ್ನಿನವರೆಗೆ ಗೆರೆ ಎಳೆದಂತಾಯಿತು. ಅಮ್ಮ ಅಲ್ಲಿಂದಲೇ ಕೈಮುಗಿದರು. ಆಮೇಲೆ ನಾನು ಉದ್ದ ಸೌಟಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿದೆ. ಆ ಕೋಣೆಯ ಮಂದ ಬೆಳಕಿನಲ್ಲಿ ಹೋದಂತೆಯೇ ಕಂಡಿತು. ಅಂಕಲ್ ಬಂದಾಗ “ಎಲ್ಲ ಚೆನ್ನಾಗಿವೆ” ಎಂದೆ.

ಮರುದಿನ ನಾನೇ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿಗೆ ಕರೆದೊಯ್ದೆ. ಅಂಕಲ್ ಹೊಸ ಬಿಳಿ ಅಂಗಿ ಹಾಕಿದ್ದರು. ಡಬ್ಬಿಯ ಮೇಲೆ ತಮ್ಮ ದುಂಡಕ್ಷರದಲ್ಲಿ ಸ್ನೋ ಎಂದು ಬರೆದು ಸಹಿ ಹಾಕಿದ್ದರು. ಮೇಳದ ಸಭಾಂಗಣದ ಬೆಳ್ಳನೆ ದೀಪದ ಕೆಳಗೆ ಡಬ್ಬಿ ಇಟ್ಟ ಕ್ಷಣ ನನಗೆ ಗೊತ್ತಾಯಿತು. ಹುರುಪೆಗಳ ಸಂದಿಯಲ್ಲೆಲ್ಲ ನಸು ಕಿತ್ತಳೆ ಬಣ್ಣ ಕೂತಿತ್ತು. ಹೇಳಬೇಕಿತ್ತು. ಹೇಳಲಿಲ್ಲ. ಯಾರೂ ನೋಡದಿರಲಿ ಎಂದು, ಯಾವ ನಾಗಪ್ಪನಿಗೆ ಪೂಜೆ ಮಾಡಿದ್ದೆನೋ ಅವನಿಗೇ ಹರಕೆ ಹೊತ್ತೆ.

ಮೊದಲು ಬಂದವನು ಅವರ ಬಹಳ ಕಾಲದ ಪರಿಚಯದ, ಬಿಳಿ ಗಡ್ಡದ ಹಾವು ಸಾಕುವವನು. ಬಗ್ಗಿ ನೋಡಿ, ಒಳ್ಳೆಯ ಅಲ್ಬಿನೊ ಎಂದ. ಸ್ನೋ ಎಂದು ಅಂಕಲ್ ತಿದ್ದಿದರು. ಅವನು ನಕ್ಕು, ತಮಾಷೆ ಸಾಕು, ಬೆನ್ನ ಮೇಲೆ ಕಿತ್ತಳೆ ಕಾಣುತ್ತಿಲ್ಲವೇ ಎಂದ. ಇನ್ನಿಬ್ಬರು ಬಗ್ಗಿದರು. ಹತ್ತು ಜನ ಸೇರಿದರು. ಒಬ್ಬ ಫೋನ್ ತೆಗೆದ. ಅಂಕಲ್ ಡಬ್ಬಿಯ ಮೇಲೆ ಬಗ್ಗಿದರು. ಆ ಜನರೆದುರು ಅವರ ಮಾತು ಹಿಂದೆಂದೂ ಹುಸಿಯಾಗಿರಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

“ತಂಗಿ, ಖರೇ ಹೇಳ್ರಿ. ಕೆಂಪು ಅದ ಏನು?”

“ಇದೆ ಅಂಕಲ್. ಹಾವಿಂದಲ್ಲ. ಕುಂಕುಮ. ಮೊನ್ನೆ ಪಂಚಮಿ ಇತ್ತಲ್ಲ, ನಾನೇ ಇಟ್ಟೆ. ತಪ್ಪಾಯ್ತು.” ಅಳು ಬಂದುಬಿಟ್ಟಿತು.

ಏನೆಂದಳು ಎಂದು ಬಿಳಿ ಗಡ್ಡದವನು ಕೇಳಿದ. ನಾನೇ ಮುಂದೆ ಬಿದ್ದು ಇಂಗ್ಲಿಷಿನಲ್ಲಿ, ಇದು ನಮ್ಮ ಹಬ್ಬದ ಪದ್ಧತಿ, ಬಣ್ಣ ಹಚ್ಚಿದ್ದೇವೆ, ಇವರಿಗೆ ಗೊತ್ತೇ ಇತ್ತು, ಗೌರವಕ್ಕೆಂದು ಹಾಗೇ ಬಿಟ್ಟಿದ್ದಾರೆ ಎಂದು ಸುಳ್ಳು ಹೆಣೆದೆ. ಚೆನ್ನಾಗಿಯೇ ಹೆಣೆದಿದ್ದೆ. ಅವರೆಲ್ಲ ತಲೆಯಾಡಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ.

ಆದರೆ ಅಂಕಲ್ ಎದ್ದು ನಿಂತರು. ಇವಳು ಹೇಳಿದ್ದು ನಿಜವಲ್ಲ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಬಣ್ಣ ಹಚ್ಚಿದ್ದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನನಗೆ ಕೆಂಪು ಕಾಣುವುದಿಲ್ಲ, ಎಂದೂ ಕಂಡಿಲ್ಲ. ನೀವು ನನ್ನಿಂದ ಬರೆಸಿಕೊಂಡ ಚೀಟಿಗಳಲ್ಲಿ ಬಣ್ಣ ಹೇಳಿದ್ದು ನನ್ನ ಹೆಂಡತಿ, ಸಹಿ ಮಾತ್ರ ನನ್ನದು. ಹಾಗೆಂದು, ಒದ್ದೆ ಟಿಶ್ಯೂ ತೆಗೆದುಕೊಂಡು ಮರಿಯ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಒರೆಸತೊಡಗಿದರು. “ಹೋತೇನ್ರಿ? ಹೋತೇನ್ರಿ?” ಎಂದು ನಡುನಡುವೆ ನನ್ನನ್ನು ಕೇಳಿದರು. ನಾಲ್ಕನೇ ಟಿಶ್ಯೂಗೆ ಹೋಯಿತು. ಬಿಳಿ ಗಡ್ಡದವನು ಕೊನೆಗೆ ಟೋಪಿ ತೆಗೆದು, ಇದು ಸ್ನೋ ಎಂದ. ಆ ಚಹಾದ ಹೆಂಗಸಿನ ಕೈಯನ್ನು ನಾವು ಒಂದು ಸಲವೂ ಕುಲುಕಲಿಲ್ಲವಲ್ಲ ಎಂದೂ ಹೇಳಿದ.

ವಾಪಸು ಹೊರಟಾಗ ನಾನು ಡಲ್ಲಾಸಿನ ದಾರಿ ಹಿಡಿಯುವುದರಲ್ಲಿದ್ದೆ. ಅಂಕಲ್ “ಜಾರ್ಜ್‌ಟೌನಿಗೆ ಹೋಗೋಣ್ರಿ” ಎಂದರು. “ಹಾವಿನ ಮಂದಿಗೆ ಹೇಳಿ ಮಗಳಿಗೆ ಹೇಳದಿದ್ರ ಹೆಂಗ?” ಮೂರು ಗಂಟೆ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು.

ಮಗಳು ಹಾವನ್ನು ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಆ ಬಿಸಿಲಿಗೆ ಕಾರಿನಲ್ಲಿ ಬಿಡುವಂತಿರಲಿಲ್ಲವಾಗಿ ಅವತ್ತು ಬಿಟ್ಟುಕೊಂಡಳು. ಅಂಕಲ್ ಸೋಫಾದ ಅಂಚಿನಲ್ಲಿ ಕೂತು, ನೀರನ್ನೂ ಕುಡಿಯದೆ, ಎಲ್ಲ ಹೇಳಿದರು. ರೈಲ್ವೆ ಪರೀಕ್ಷೆ, ಸೀರೆ, ಚಹಾ, ಎಲ್ಲ.

“ಅಪ್ಪಾ, ನನ್ನ ಮಗಗೂ ಹಂಗ ಅದ” ಎಂದಳು ಮಗಳು. “ಎರಡು ವರ್ಷ ಆತು, ಸ್ಕೂಲ್‌ನಾಗ ಟೆಸ್ಟ್ ಮಾಡಿದ್ರು. ನಿನಗ ಹೇಳಬಾರದು ಅಂತ ನಾನೇ ಅವಂಗ ಪ್ರಾಮಿಸ್ ಮಾಡಿಸೀನಿ. ಬಣ್ಣ ನೋಡೂದರಾಗ ಇಷ್ಟು ಹೆಸರು ಮಾಡಿದಾಂವ ನೀ, ಮೊಮ್ಮಗ ಹಿಂಗ ಅಂತ ಗೊತ್ತಾದ್ರ ಎಷ್ಟು ನೊಂದುಕೋತೀಯೋ ಅಂತ.” ಆಮೇಲೆ ಮುಖ ಮುಚ್ಚಿಕೊಂಡಳು. “ನಾ ಇದು ಅಮ್ಮನ ಕಡೆಯಿಂದ ಬಂದದ ಅಂತ ತಿಳಕೊಂಡಿದ್ದೆ. ಅಮ್ಮಗ ಅಂದೂಬಿಟ್ಟಿದ್ದೆ. ಆಕಿ ಸುಮ್ನ ಹೂಂ ಅಂದ್ಲು.”

ಅಂಕಲ್ ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡರು. ಅಷ್ಟು ಎತ್ತರದ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. ಆಂಟಿಯ ಮೇಲೆ ನನಗೆ ಸಿಟ್ಟೇ ಬಂತು, ಆ ‘ಹೂಂ’ ಅಂದದ್ದಕ್ಕೆ.

ಅಷ್ಟರಲ್ಲಿ ಹುಡುಗ ಮೆಟ್ಟಿಲಿಳಿದು ಬಂದ. ಎಲ್ಲ ಕೇಳಿಸಿಕೊಂಡಿದ್ದ. ಅಜ್ಜನೆದುರು ನಿಂತು, ತನ್ನ ಇಂಗ್ಲಿಷಿನಲ್ಲಿ, ನೀನು ಮೊದಲೇ ಹೇಳಬೇಕಿತ್ತು ಅಜ್ಜ, ಮನೆಯಲ್ಲಿ ನಾನೊಬ್ಬನೇ ಹೀಗೆ ಅಂದುಕೊಂಡಿದ್ದೆ ಎಂದ. ದೂರುವ ದನಿಯೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಜ್ಜನ ಪಕ್ಕ ಕೂತು ಡಬ್ಬಿಯನ್ನು ಇಬ್ಬರ ತೊಡೆಯ ಮೇಲೂ ಬರುವಂತೆ ಎಳೆದುಕೊಂಡ. ಬಹಳ ಹೊತ್ತು ನೋಡಿ, ಇದು ಬಿಳಿಯಾ ಎಂದು ಕೇಳಿದ.

“ಹಂಗ ಅಂತಾರಪಾ” ಎಂದರು ಅಂಕಲ್. “ನನಗೂ ನಿನ್ನಷ್ಟ ಗೊತ್ತು.”